ಅತ್ತೆ ಬಣ್ಣ ಹಚ್ಚಿಸಿದ ಕಲ್ಲು

ಹೋದ ವಾರ ನಮ್ಮ ಕಾಲೇಜಿನ ಕಿಟಕಿ ಬಾಗಿಲುಗಳಿಗೆ ಬಣ್ಣ ಹೊಡೆಸುತ್ತಿದ್ದರು. ಪಾಠ ಮಾಡುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಹೊರಗೆ ಬಂದುಬಿಟ್ಟೆ. ಹಳದಿ ಆಯಿಲ್ ಪೇಂಟಿನ ವಾಸನೆ, ಅದರ ಜೊತೆಗೆ ಮಳೆ ಬಿದ್ದ ಕಲ್ಲಿನ ವಾಸನೆ. ಮೇಡಮ್ಮಿಗೆ ತಲೆ ಸುತ್ತಿತೇನೋ ಅಂದುಕೊಂಡು ಹುಡುಗಿಯೊಬ್ಬಳು ನೀರು ತಂದುಕೊಟ್ಟಳು. ತಲೆಯೇನೂ ಸುತ್ತಿರಲಿಲ್ಲ. ಎಂ.ಎ.ಗೆ ಸೇರಿದ ಮೊದಲ ವಾರ ನೆನಪಾಗಿ, ಆಗಿನ ಚಡಪಡಿಕೆ ಮತ್ತೆ ಕಾಲಿಗೆ ಹತ್ತಿಕೊಂಡಿತ್ತು, ಅಷ್ಟೆ.

ಅದು ಶ್ರಾವಣ. ಡಿಗ್ರಿ ಮುಗಿಸಿ ಎರಡು ಕಡೆ ಅರ್ಜಿ ಹಾಕಿದ್ದೆ, ಎರಡು ಕಡೆಯೂ ಸೀಟು ಸಿಕ್ಕಿತ್ತು. ಒಂದು ಹೊಸಪೇಟೆಯಲ್ಲಿ ಬಿ.ಎಡ್., ಇನ್ನೊಂದು ಸಂಡೂರಿನ ದಾರಿಯಲ್ಲಿದ್ದ ಪಿ.ಜಿ. ಸೆಂಟರಿನಲ್ಲಿ ಎಂ.ಎ., ಮಧ್ಯಕಾಲೀನ ಇತಿಹಾಸ. ಎರಡು ಕಡೆಯವರೂ ಮೂಲ ಟಿ.ಸಿ. ತಂದುಕೊಡಿ ಅನ್ನುತ್ತಿದ್ದರು. ಇದ್ದದ್ದು ಒಂದೇ ಟಿ.ಸಿ. ಮುಂದಿನ ಸೋಮವಾರದೊಳಗೆ ಅದು ಯಾವುದಾದರೊಂದು ಕಡೆ ಸೇರಲೇಬೇಕಿತ್ತು.

ಕಂಪ್ಲಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪನಿಗೆ ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಕಂಡಿರಲಿಲ್ಲ. "ಬಿ.ಎಡ್. ಮಾಡಿದ್ರ ನಾಳಿ ಒಂದು ಸಾಲ್ಯಾಗ ಟೀಚರ್ ಆಗ್ತಿ. ಸತ್ತ ರಾಜರ ಕತಿ ಓದಿ ಏನ್ ಮಾಡ್ತಿ? ಹಂಪ್ಯಾಗ ಫಾರಿನ್ ಮಂದಿಗೆ ಕತಿ ಹೇಳ್ಕೊಂತ ಅಡ್ಡಾಡ್ತಿ ಏನು?" ಅಂದ. ನಾನು ಊಟ ಬಿಟ್ಟೆ, ಕಣ್ಣೀರು ಹಾಕಿದೆ, ಜಗಳವಾಡಿದೆ. ಕೊನೆಗೆ ಅವನು ಸೋತವನ ಹಾಗೆ, "ಹೋಗು, ಒಂದು ವಾರ ಹೋಗಿ ನೋಡಿ ಬಾ. ಟಿ.ಸಿ. ಮಾತ್ರ ಯಾರಿಗೂ ಕೊಡಬ್ಯಾಡ. ಶನಿವಾರ ನಾ ಹೇಳ್ತೀನಿ" ಅಂದ. ಏನು ಹೇಳುತ್ತಾನೆಂದು ನನಗೆ ಗೊತ್ತೇ ಇತ್ತು. ಆದರೂ ಒಂದು ವಾರ ಸಿಕ್ಕಿತಲ್ಲ ಅಂತ ಟಿ.ಸಿ.ಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನ ತಳದಲ್ಲಿ ಇಟ್ಟುಕೊಂಡೆ.

ಸ್ವಭಾವತಃ ನಾನು ಅವಸರದವಳು. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ನಾನು ಮುಗಿಸಿಕೊಡುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. "ಹುಟ್ಟುವಾಗ್ಲೂ ಈಕಿ ಸೂಲಗಿತ್ತಿ ಬರೋತನಕ ತಡೀಲಿಲ್ಲ" ಅಂತ ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಇಂಥವಳ ಪಾಲಿಗೆ ಆ ವಾರವೆಂದರೆ ಕಾದ ಹಂಚಿನ ಮೇಲೆ ಕೂತ ಹಾಗೆ.

ಕಂಪ್ಲಿಯಿಂದ ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಸಂಡೂರಿನ ಕಡೆಗೆ ಇನ್ನೊಂದು. ಮೊದಲ ಬಸ್ಸಿನ ಕಿಟಕಿಯಲ್ಲಿ ನಾಟಿ ಮಾಡಿದ ಗದ್ದೆ, ಕಬ್ಬು, ಕಾಲುವೆಯ ತಣ್ಣನೆ ಗಾಳಿ. ಎರಡನೆಯದರಲ್ಲಿ ಅದಿರಿನ ಲಾರಿಗಳ ಹಿಂದೆ ತೆವಳುತ್ತ, ಕಿಟಕಿ ಮುಚ್ಚಿ, ಮೂಗಿಗೆ ದುಪಟ್ಟಾ ಹಿಡಿದು ಕೂರಬೇಕು. ಮಳೆ ಬಂದರೆ ಆ ಕೆಂಪು ದೂಳು ರಾಡಿಯಾಗಿ ಬಸ್ಸಿನ ಮೈಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಬಿಳಿ ದುಪಟ್ಟಾ ಹಾಕಿಕೊಂಡು ಹೋದ ಮೊದಲ ದಿನವೇ ಸಂಜೆ ಕಾವಿಧಾರಿಯಾಗಿ ಮನೆಗೆ ಬಂದೆ. "ನೋಡು, ಇತಿಹಾಸ ಓದಿದ್ರ ಹಿಂಗಾ ಸನ್ಯಾಸಿ ಆಗ್ತಾರ" ಅಂತ ಅಪ್ಪ ಛೇಡಿಸಿದ. ನಗಬೇಕಿತ್ತು, ಸಿಟ್ಟು ಬಂತು.

ಮೊದಲ ದಿನದ ಮೊದಲ ತರಗತಿಯಲ್ಲೇ ನಾನು ಬಾಯಿ ಬಿಟ್ಟು ಸಿಕ್ಕಿಬಿದ್ದಿದ್ದೆ. ಶಾಸನ ಓದುವುದನ್ನು ಕಲಿಸಲಿದ್ದ ಮೇಷ್ಟ್ರು ಸಣಕಲು ಮನುಷ್ಯ, ಮಾತು ಕಡಿಮೆ. ಬಂದವರೇ ಹೆಸರು ಕೇಳಲಿಲ್ಲ. "ನಿಮ್ಮ ನಿಮ್ಮ ಊರಾಗ ಹಳೇದು ಅಂತ ಏನೈತಿ ಹೇಳ್ರಿ" ಅಂದರು. ಒಬ್ಬ ಗುಡಿ ಅಂದ, ಒಬ್ಬಳು ಬಾವಿ ಅಂದಳು. ಪಕ್ಕದ ಬೆಂಚಿನಲ್ಲಿದ್ದ ಸಂಡೂರಿನ ಹುಲುಗಪ್ಪ ಎದ್ದು, "ಒಂದು ಗುಡ್ಡ ಇತ್ರಿ ಸರ್, ಅರ್ಧ ಲಾರ್‍ಯಾಗ ಹೋತು" ಅಂದ. ಎಲ್ಲರೂ ನಕ್ಕರು. ಆ ನಗೆ ನಿಲ್ಲುವ ಮೊದಲೇ ನಾನು ಎದ್ದು ನಿಂತಿದ್ದೆ. "ನಮ್ಮ ಅತ್ತಿ ಮನಿ ಮುಂದ ಶಾಸನ ಐತ್ರಿ ಸರ್!"

ಮೇಷ್ಟ್ರು ತಲೆಯೆತ್ತಿದರು. "ಯಾರಾದ್ರೂ ಓದ್ಯಾರೇನು?"

"ಇಲ್ರಿ ಸರ್."

"ಹಂಗಾರ ಶನಿವಾರ ಎಲ್ರೂ ಅಲ್ಲಿಗೇ ಹೋಗೋಣ. ಕಾಗದದ ಮ್ಯಾಲ ಅಚ್ಚು ತಗಿಯೋದು ಅಲ್ಲೇ ಕಲೀರಿ."

ಕೂತಮೇಲೆ ಯೋಚನೆ ಹತ್ತಿತು. ಅದು ಶಾಸನ ಅಂತ ನನಗೆ ಯಾರು ಹೇಳಿದ್ದರು? ಕಂಪ್ಲಿಗೆ ಹತ್ತಿರದ ಹಳ್ಳಿಯಲ್ಲಿ, ಕಾಲುವೆಯ ದಂಡೆಯ ಮೇಲೆ, ಈರಮ್ಮತ್ತೆಯ ಮನೆಯೆದುರಿನ ಬೇವಿನ ಮರದ ಕೆಳಗೆ ಒಂದು ಕಲ್ಲು ನಿಂತಿತ್ತು. ಊರವರು ಕಲ್ಲಪ್ಪ ಅನ್ನುತ್ತಿದ್ದರು. ತಲೆಯ ಭಾಗದಲ್ಲಿ ಸೂರ್ಯ ಚಂದ್ರ, ಕೆಳಗೆಲ್ಲ ಎಣ್ಣೆ ಕುಂಕುಮದ ದಪ್ಪ ಪದರ. ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸಿದರೆ ಗೀರು ಗೀರು ತಗಲುತ್ತಿತ್ತು. ಅವು ಅಕ್ಷರವೋ, ಯಾವನೋ ಕುಡುಗೋಲು ಮಸೆದ ಗುರುತೋ, ದೇವರೇ ಬಲ್ಲ.

ಈರಮ್ಮತ್ತೆ ಅಪ್ಪನ ಅಕ್ಕ. ಅವರವ್ವ ಬೇಗ ತೀರಿಕೊಂಡಾಗ ಅಪ್ಪನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಮಾವ ಹೋದಮೇಲೆ ತನ್ನ ಗದ್ದೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಊರೆಲ್ಲ ವಾದ ಮಾಡುವ ಅಪ್ಪ ಅವಳ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತಿದ್ದ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಕಲ್ಲಪ್ಪನಿಗೆ ಒಂದು ಕೊಡ ನೀರು ಹಾಕಿ, ಎಣ್ಣೆ ಹಚ್ಚಿಯೇ ಅವಳು ಚಹಾ ಕುಡಿಯುತ್ತಿದ್ದದ್ದು. ನನ್ನ ಓದಿನ ಜಗಳದಲ್ಲಿ ತನಗೆ ಸಂಬಂಧವಿಲ್ಲವೆಂಬಂತೆ, "ನಿಮ್ಮಪ್ಪ ಏನ್ ಹೇಳ್ತಾನ ಹಂಗ ಕೇಳವ್ವ" ಅಂದುಬಿಟ್ಟಿದ್ದಳು.

ಆ ಸಂಜೆ ಹೊಸಪೇಟೆ ಬಸ್ ಸ್ಟ್ಯಾಂಡಿನಿಂದಲೇ ಅವಳಿಗೆ ಫೋನ್ ಮಾಡಿದೆ. "ಅತ್ತಿ, ಶನಿವಾರ ನಮ್ಮ ಸರ್ ಬರ್ತಾರ, ಹುಡುಗ್ರು ಬರ್ತಾರ, ಕಲ್ಲಪ್ಪನ್ನ ನೋಡಾಕ. ಸ್ವಲ್ಪ ಚೊಲೋ ಮಾಡಿಸಿ ಇಡು" ಅಂದೆ. ಅವಳು ಏನೋ ಕೇಳುತ್ತಿದ್ದಳು. ಅಷ್ಟರಲ್ಲಿ ಕಂಪ್ಲಿ ಬಸ್ಸು ಬಂತು, ಸೀಟು ಹಿಡಿಯಲು ಓಡಿದೆ.

ಮಂಗಳವಾರ, ಬುಧವಾರ ತರಗತಿಯಲ್ಲಿ ಕೂತಿದ್ದೆನೇ ಹೊರತು ಮನಸ್ಸು ಕೂತಿರಲಿಲ್ಲ. ಗೋಡೆಗೆ ಹಾಕಿದ ಹಳೆಗಾಲದ ಅಕ್ಷರಗಳ ಪಟ ನೋಡುತ್ತ, ಶನಿವಾರ ಆ ಎಣ್ಣೆಯ ಕೆಳಗೆ ಕುಡುಗೋಲಿನ ಗೀರು ಕಂಡರೆ ಏನು ಗತಿ ಅಂತ ಲೆಕ್ಕ ಹಾಕುತ್ತಿದ್ದೆ. ಆಫೀಸಿನ ಕ್ಲರ್ಕ್ ಟಿ.ಸಿ. ಕೇಳಿದಾಗಲೆಲ್ಲ "ನಾಳಿ ತರ್ತೀನ್ರಿ" ಅಂದೆ. ಟಿ.ಸಿ. ಬ್ಯಾಗಿನಲ್ಲೇ ಇತ್ತು.

ಗುರುವಾರ ಮೇಷ್ಟ್ರು ನಮ್ಮನ್ನು ಹಂಪಿಗೆ ಕರೆದುಕೊಂಡು ಹೋದರು. ಹಂಪಿಯನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದವರು. ನೆಂಟರು ಬಂದರೆ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ ಅದು. ಮೇಷ್ಟ್ರು ದೊಡ್ಡ ಗುಡಿಗಳನ್ನೆಲ್ಲ ದಾಟಿಸಿ, ಯಾರೂ ನಿಲ್ಲದ ಒಂದು ಮಂಟಪದ ಅಡಿಗಟ್ಟಿನ ಮುಂದೆ ಕೂರಿಸಿ, ಒಂದು ಸಾಲು ತೋರಿಸಿ ಓದಿ ಅಂದರು. ತುಂತುರು ಮಳೆ. ಎಲ್ಲರೂ ಒಂದೊಂದೇ ಅಕ್ಷರ ತಡಕುತ್ತಿದ್ದಾಗ ನಾನು ಮೊದಲ ಮೂರು ಅಕ್ಷರ ಹಿಡಿದು, ಉಳಿದದ್ದನ್ನು ಊಹಿಸಿ ಗಟ್ಟಿಯಾಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮೇಷ್ಟ್ರು ಕೊಡೆ ಮಡಚಿ ಪಕ್ಕಕ್ಕೆ ಇಟ್ಟರು. "ಏನವ್ವ, ಈಗ ನೀ ಓದಿದ್ದು ಕಲ್ಲಿನ ಮ್ಯಾಲ ಇದ್ದದ್ದೋ, ನಿನ್ನ ತಲ್ಯಾಗ ಇದ್ದದ್ದೋ?"

ನಾನು ಮತ್ತೆ ಕಲ್ಲಿನ ಕಡೆ ಬಗ್ಗಿದೆ.

"ಇಲ್ಲಿ ನಾಕನೇ ಅಕ್ಷರಾನ ಇಲ್ಲ. ಒಡದೈತಿ. ಇಲ್ಲದ್ದು ಓದೋರು ಈ ಊರಾಗ ಭಾಳ ಮಂದಿ ಅದಾರ. ಅದಕ್ಕ ಎಂ.ಎ. ಬ್ಯಾಡ."

ಮುಖಕ್ಕೆ ಹೊಡೆದಂತಾಯಿತು. ಹಿಂದಕ್ಕೆ ಬರುವಾಗ ಹೊಸಪೇಟೆಯಲ್ಲಿ ಇಳಿದವಳು ಕಂಪ್ಲಿ ಬಸ್ಸು ಹತ್ತಲಿಲ್ಲ. ನೆಟ್ಟಗೆ ಬಿ.ಎಡ್. ಕಾಲೇಜಿಗೆ ನಡೆದೆ. ಅಡ್ಮಿಷನ್ನಿನ ಸಾಲಿನಲ್ಲಿ ನಿಂತು ಕವರಿನಿಂದ ಟಿ.ಸಿ. ತೆಗೆದೂ ಆಯಿತು. ಮುಂದಿದ್ದ ಹುಡುಗಿ ಹಿಂದೆ ತಿರುಗಿ, "ಅಕ್ಕಾ, ಯಾವ ಸಬ್ಜೆಕ್ಟು?" ಅಂದಳು. ಇತಿಹಾಸ ಅಂದೆ. ಆ ನಾಲ್ಕನೆಯ ಅಕ್ಷರ ಏನಿದ್ದಿರಬಹುದು ಅನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಬೈಸಿಕೊಂಡ ಅವಮಾನಕ್ಕಿಂತ ಅದೇ ಜಾಸ್ತಿ ಕಾಡುತ್ತಿದೆ ಅಂತ ಗೊತ್ತಾದಾಗ ಸಾಲು ಬಿಟ್ಟು ಹೊರಬಂದೆ. ಎಂ.ಎ. ನನಗೆ ಬೇಕೇಬೇಕು ಅಂತ ಅನಿಸಿದ್ದು ಆಗ. ಅದಕ್ಕೆ ಮುಂಚೆ ಇದ್ದದ್ದು ಅಪ್ಪನ ಮೇಲಿನ ಹಟ.

ಶನಿವಾರ ಬೆಳಿಗ್ಗೆ ಟೆಂಪೋದಲ್ಲಿ ಎಲ್ಲರೂ ಹಳ್ಳಿಗೆ ಬಂದೆವು. ಅಪ್ಪ ಅಂಗಡಿಯನ್ನು ಆಳಿನ ಮೇಲೆ ಬಿಟ್ಟು ಬೈಕಿನಲ್ಲಿ ಬಂದು ಆಗಲೇ ಮನೆ ಕಟ್ಟೆಯ ಮೇಲೆ ಕೂತಿದ್ದ. ಇಂದು ಹೇಳುತ್ತೇನೆ ಅಂದಿದ್ದನಲ್ಲ, ಹೇಳಲಿಕ್ಕೇ ಬಂದಿದ್ದ. ಅತ್ತೆ ಇಳಕಲ್ ಸೀರೆಯುಟ್ಟು, ತಲೆತುಂಬ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. "ಬರ್ರಿ ಬರ್ರಿ, ಕುಂದ್ರಿ" ಅನ್ನುತ್ತ, ಮುಖ ಅರಳಿಸಿಕೊಂಡು ಬೇವಿನ ಮರದ ಕಡೆಗೆ ಕೈ ತೋರಿಸಿದಳು. "ಹೆಂಗೈತಿ ನೋಡ್ರಿ ನಮ್ಮ ಕಲ್ಲಪ್ಪ!"

ಕಲ್ಲು ಹಳದಿಯಾಗಿ ಹೊಳೆಯುತ್ತಿತ್ತು. ಸೂರ್ಯ ಚಂದ್ರರಿಗೆ ಬೆಳ್ಳಿಯ ಬಣ್ಣ, ಅಂಚಿಗೆ ಕೆಂಪು. ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಹೊಡೆಯುವವನನ್ನು ಕರೆಸಿ, ಹಳೆಯ ಎಣ್ಣೆಯನ್ನೆಲ್ಲ ಕೆರೆಸಿ, ದಪ್ಪಗೆ ಎರಡು ಸಲ ಪೇಂಟು ಹೊಡೆಸಿದ್ದಳು. ಅತಿಥಿಗಳು ಬರುತ್ತಾರೆಂದರೆ ನಮ್ಮ ಕಡೆ ಗೋಡೆಗೆ ಸುಣ್ಣ, ಎತ್ತಿನ ಕೊಂಬಿಗೆ ಬಣ್ಣ. ದೇವರನ್ನು ನೋಡಲು ದೊಡ್ಡ ಸಾಲೆಯ ಮೇಷ್ಟ್ರು ಬರುತ್ತಾರೆಂದರೆ ದೇವರಿಗೆ ಬಣ್ಣ ಹಚ್ಚಿಸದೆ ಬಿಡುತ್ತಾಳೆಯೇ?

ಮೇಷ್ಟ್ರು ಹತ್ತಿರ ಹೋಗಿ ಉಗುರಿನಿಂದ ಮುಟ್ಟಿದರು. "ಅಯ್ಯೋ, ಅಕ್ಷರ ಎಲ್ಲಾ ಕೆಟ್ಟೋದ್ವು" ಅಂದುಬಿಟ್ಟರು, ತಮಗೇ ಅರಿವಿಲ್ಲದಂತೆ. ಆಮೇಲೆ ಅತ್ತೆಯ ಮುಖ ನೋಡಿ ದನಿ ತಗ್ಗಿಸಿ, "ಬಣ್ಣದ ಮ್ಯಾಲ ಕಾಗದ ಹಿಡಿಯಂಗಿಲ್ಲವ್ವ, ಅದಕ್ಕಂದೆ" ಅಂದರು. ಅಪ್ಪ ಕಟ್ಟೆಯಿಂದಲೇ ನಕ್ಕ. "ಮುಗೀತಲ್ಲ ಮತ್ತ ಶಾಸನ" ಅಂದ. ಅತ್ತೆ ಏನೂ ತಿಳಿಯದೆ ಒಮ್ಮೆ ನನ್ನನ್ನು, ಒಮ್ಮೆ ಕಲ್ಲನ್ನು ನೋಡುತ್ತಿದ್ದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮೇಷ್ಟ್ರು ಕಲ್ಲಿಗೆ ಒಂದು ಸುತ್ತು ಹಾಕಿ, ಬುಡದ ಮಣ್ಣನ್ನು ಕಾಲಿನಿಂದ ಕೆದರಿದರು. ಬಣ್ಣದವನು ಮಣ್ಣಿನ ಮೇಲೆ ಕಂಡಷ್ಟಕ್ಕೇ ಬಣ್ಣ ಹೊಡೆದಿದ್ದ. "ಇನ್ನೂ ಕೆಳಗೈತಿ ಕಲ್ಲು. ಅಗೀರಿ" ಅಂದರು. ಹುಲುಗಪ್ಪ ಸಲಿಕೆ ತಂದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಒದ್ದೆ ಮಣ್ಣಿನಿಂದ ಅಕ್ಷರದ ಸಾಲುಗಳು ಎದ್ದುಬಂದವು, ನಿನ್ನೆ ಕೆತ್ತಿದಷ್ಟು ಚೂಪಾಗಿ. ನಿಜವಾದ ಅಕ್ಷರಗಳು. ಯಾರು ನೋಡುತ್ತಾರೆ ಅನ್ನುವ ಪರಿವೆಯಿಲ್ಲದೆ ನಾನು ಕುಣಿದೆ.

ಆಮೇಲಿನದೆಲ್ಲ ಕಾಯುವ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಅಕ್ಷರದ ತಗ್ಗಿಗೆ ಅದು ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಅರ್ಧ ಒಣಗುವವರೆಗೆ ಕಾದು, ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟಬೇಕು. ಮೋಡ ಕವಿದಿತ್ತು, ಕಾಗದ ಒಣಗಲೊಲ್ಲದು. ಎಲ್ಲರೂ ಅತ್ತೆ ಮಾಡಿದ ಒಗ್ಗರಣೆ ಮಂಡಾಳು, ಮಿರ್ಚಿ ತಿನ್ನುತ್ತ ಕೂತಿದ್ದರೆ ನಾನು ಮರಕ್ಕೂ ಕಟ್ಟೆಗೂ ನಡುವೆ ಹೆಜ್ಜೆ ಸವೆಸುತ್ತಿದ್ದೆ. ಅಂತೂ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ ಮೂಡಿ, ಹಾಳೆಯನ್ನು ಬಿಡಿಸಿದ್ದಾಯಿತು.

"ಏನ್ ಬರದೈತ್ರಿ ಸರ್?" ಅಂದಳು ಅತ್ತೆ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮೇಷ್ಟ್ರು ಓದಿ, ಬಿಡಿಸಿ ಹೇಳಿದರು. ಯಾರೋ ಒಬ್ಬರು ಯಾವುದೋ ಧರ್ಮಕಾರ್ಯಕ್ಕೆ ಭೂಮಿ ದಾನ ಬಿಟ್ಟಿದ್ದಾರೆ. ಯಾರು, ಯಾಕೆ ಅನ್ನುವುದು ಮೇಲೆ, ಬಣ್ಣದ ಕೆಳಗಿದೆ. ಇದು ಕೊನೆಯ ಭಾಗ. ಈ ಧರ್ಮವನ್ನು ಕೆಡಿಸಿದವರಿಗೆ ಗಂಗೆಯ ದಂಡೆಯಲ್ಲಿ ಗೋವು ಕೊಂದ ಪಾಪ ತಟ್ಟುತ್ತದೆ.

ಅತ್ತೆ ಕುಸಿದು ಕೂತಳು. "ಕೆಡಿಸಿದವರಿಗೇನ್ರಿ?"

"ಅದು ಮಾಮೂಲಿ ಮಾತವ್ವ, ಎಲ್ಲಾ ಶಾಸನದಾಗೂ ಇರತೈತಿ. ಆ ಭೂಮಿ ಕಸಗೊಂಡವರಿಗೆ ಅಂತ."

"ನಾ ಕೆಡಿಸೀನಿ ಅಂತ ನೀವಾ ಅಂದ್ರಲ್ರಿ, ಬಂದ ಕೂಡ್ಲೆ."

ಮೇಷ್ಟ್ರು ಹಾಳೆಯನ್ನು ಸುರುಳಿ ಸುತ್ತತೊಡಗಿದರು. ಅಪ್ಪ ಎದ್ದು ಬಂದ. ಅವನ ನಗು ಹೋಗಿತ್ತು. "ಸಾಕು ಬಿಡ್ರಿ ಇದನ್ನ. ತಣ್ಣಗಿದ್ದ ಮನಿಯಾಗ ಶಾಪ ತಂದು ಹಾಕಿದ್ರಿ. ಗೌರಿ, ಸೋಮವಾರ ಬಿ.ಎಡ್. ಕಾಲೇಜಿಗೆ ಟಿ.ಸಿ. ಕೊಡು. ಇದಾ ಕಡೀ ಮಾತು" ಅಂದ. ಅಕ್ಕನ ಮುಖ ನೋಡಿ ಅವನಿಗೂ ಹೆದರಿಕೆಯಾಗಿತ್ತು ಅಂತ ಈಗ ಅನಿಸುತ್ತದೆ. ಆಗ ನನಗೆ ಕೇಳಿಸಿದ್ದು ಟಿ.ಸಿ. ಅನ್ನುವ ಮಾತೊಂದೇ.

"ಸರ್, ಶಾಪಕ್ಕಿಂತ ಮ್ಯಾಲಿನ ಸಾಲಿನಾಗ ಏನೈತ್ರಿ?" ಅಂದೆ. ಆ ವಾರ ತರಗತಿಯಲ್ಲಿ ಕೇಳಿದ್ದೆ. ಕೆಡಿಸಿದವರಿಗೆ ಪಾಪ ಅನ್ನುವ ಮೊದಲು, ಕಾಪಾಡಿದವರಿಗೆ ಪುಣ್ಯ ಅಂತ ಬರೆಯುವ ರೂಢಿ ಉಂಟು. ಇಷ್ಟು ವರ್ಷ ಆ ಕಲ್ಲನ್ನು ಕಾಪಾಡಿದವಳು ಅತ್ತೆಯಲ್ಲದೆ ಯಾರು? ಆ ಸಾಲು ಸರಿಯಾಗಿ ಮಣ್ಣಿನ ಮಟ್ಟದಲ್ಲಿತ್ತು, ಅಚ್ಚಿನಲ್ಲಿ ಮೂಡಿರಲಿಲ್ಲ. ಮೇಷ್ಟ್ರು ನನ್ನನ್ನೇ ನೋಡಿ, "ಒಂದು ಕನ್ನಡಿ ತರ್ರಿ" ಅಂದರು. ಅತ್ತೆಯ ಮದುವೆಯ ಕಾಲದ ಗೋಡೆಗನ್ನಡಿಯನ್ನು ಹುಲುಗಪ್ಪ ಬಿಚ್ಚಿ ತಂದು, ಮರದ ನೆರಳಿನಾಚೆ ಬಿಸಿಲಿಗಾಗಿ ಹಿಡಿದು ನಿಂತ. ಬಿಸಿಲನ್ನು ಓರೆಯಾಗಿ ಬಿಟ್ಟರೆ ತಗ್ಗಿನಲ್ಲಿ ನೆರಳು ನಿಂತು ಅಕ್ಷರ ಕಾಣುತ್ತದಂತೆ. ಬಿಸಿಲೇ ಇರಲಿಲ್ಲ. ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಮೋಡ ಸರಿಯಲಿ ಅಂತ ನಾನು ಕಲ್ಲಪ್ಪನನ್ನೇ ಬೇಡಿಕೊಂಡೆ.

ಮೋಡ ಸರಿಯಿತು. ಕಲ್ಲಿನ ಮೇಲೆ ಬೆಳಕಿನ ಪಟ್ಟಿ ಹರಿಯಿತು. ನಾನು ಗುಣಿಯೊಳಗೆ ಮಂಡಿಯೂರಿ ಬಗ್ಗಿದೆ. ಕಾಲುವೆಯ ಸೌಳು ನೀರು ಏರಿ ಇಳಿದು ಆ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದುಹೋಗಿತ್ತು. ಮೊದಲಿನ ಒಂದು ಅಕ್ಷರ, ಆಮೇಲೆ ಅರ್ಧ ಅಕ್ಷರ. ಆಮೇಲೆ ಬರೀ ಒರಟು ಕಲ್ಲು. ಕನ್ನಡಿಯನ್ನು ಆ ಕಡೆ ಈ ಕಡೆ ಹೊರಳಿಸಿದೆವು. ಎಷ್ಟು ಹೊರಳಿಸಿದರೂ ಅಷ್ಟೇ.

ಹುಲುಗಪ್ಪ ಕನ್ನಡಿಯ ಹಿಂದಿನಿಂದ ಪಿಸುಗುಟ್ಟಿದ. "ಕಾಪಾಡಿದವರಿಗೆ ಪುಣ್ಯ ಅಂತಾನ ಇರತೈತಿ ಬಿಡು ಗೌರಿ. ಹೇಳಿಬಿಡು. ಪಾಪ, ಮುದುಕಿ ಹೆದರ್‍ಯಾಳ."

ಹೇಳಬಹುದಿತ್ತು. ಒಂದೇ ಮಾತು. ಅತ್ತೆಯ ಹೆದರಿಕೆ ಇಳಿಯುತ್ತಿತ್ತು, ಅಪ್ಪ ಸುಮ್ಮನಾಗುತ್ತಿದ್ದ, ನನ್ನ ಎಂ.ಎ. ಉಳಿಯುತ್ತಿತ್ತು. ಅದು ಸುಳ್ಳು ಅಂತಲೂ ಹೇಳುವ ಹಾಗಿರಲಿಲ್ಲ, ಹಾಗೇ ಇದ್ದಿರಲೂಬಹುದು. ಮೇಷ್ಟ್ರು ಬೇಕೆಂದೇ ಕಾಲುವೆಯ ಕಡೆ ತಿರುಗಿ ನಿಂತಿದ್ದರು. ಜೀವನದಲ್ಲಿ ಮೊದಲ ಸಲ ನನ್ನ ಬಾಯಿ ನನಗಿಂತ ಮುಂದೆ ಓಡಲಿಲ್ಲ.

ಗುಣಿಯಿಂದ ಎದ್ದು ಅತ್ತೆಯ ಮುಂದೆ ಕೂತೆ. "ಅತ್ತಿ, ಅಲ್ಲಿ ಕಲ್ಲು ಚಕ್ಕಿ ಎದ್ದೈತಿ. ಚೊಲೋದು ಏನೋ ಬರದಿರಬೇಕು ಅಂತ ನಮಗೆಲ್ಲ ಅನಸ್ತೈತಿ. ಆದ್ರ ಅಕ್ಷರ ಇಲ್ಲ. ಏನೈತೋ ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತಿ?"

"ಹೂಂ ಅತ್ತಿ. ಗೊತ್ತಿಲ್ಲ."

ಅಪ್ಪ "ನೋಡ್ದೇನಕ್ಕಾ" ಅಂತ ಬಾಯಿ ತೆಗೆದ. ಅತ್ತೆ ಕೈಯೆತ್ತಿ ಅವನನ್ನು ತಡೆದಳು. ನನ್ನ ಕಡೆ ತಿರುಗಿದಳು.

"ಈ ಮನಿಗೆ ಬಂದಾಗಿಂದ ಎಷ್ಟ್ ಮಂದೀನ್ನ ಕೇಳೀನಿ ಇದ್ರಾಗ ಏನೈತಿ ಅಂತ. ಸ್ವಾಮಿಗೋಳು ಒಂದು ಹೇಳಿದ್ರು, ಸಾಲಿ ಮಾಸ್ತರ ಒಂದು ಹೇಳಿದ. ಬುಡದಾಗ ನಿಧಿ ಐತಿ ಅಂದ ಒಬ್ಬ. ನಿಮ್ಮ ಮಾವ ಅಂತೂ ನಮ್ಮ ಮನೆತನದ ಹೆಸರಾ ಐತಿ ಅಂತಿದ್ದ. ಹೆಣ್ಮಗಳು, ಓದಾಕ ಬರದಾಕಿ, ಏನ್ ಹೇಳಿದ್ರೂ ನಡೀತೈತಿ. ಗೊತ್ತಿಲ್ಲ ಅಂತ ಒಬ್ರೂ ಅನ್ಲಿಲ್ಲ." ಅವಳು ಅಪ್ಪನ ಕಡೆ ತಿರುಗಿದಳು. "ಈಕಿನ್ನ ಅಲ್ಲೇ ಕಳಸಪ್ಪ. ಪಾಪ ಐತೋ ಪುಣ್ಯ ಐತೋ, ಇದ್ದದ್ದು ಇದ್ದಂಗ ಹೇಳೋರು ನಮ್ಮ ಮನ್ಯಾಗ ಒಬ್ಬರಾರ ಇರ್ಲಿ."

ಅಪ್ಪ ಅಕ್ಕನಿಗೆ ತಲೆಯಾಡಿಸಿದ. ಬೈಕ್ ಸ್ಟಾರ್ಟ್ ಮಾಡಿ, "ಕತ್ತಲಾಗೋದ್ರಾಗ ಮನಿಗೆ ಬಾ" ಅಂದು ಹೊರಟ.

ಸೋಮವಾರ ನಾನು ಮೊದಲ ಬಸ್ಸಿಗೇ ಹೋಗಿ ಪಿ.ಜಿ. ಸೆಂಟರಿನ ಕ್ಲರ್ಕಿಗೆ ಟಿ.ಸಿ. ಕೊಟ್ಟೆ. ಅದೇ ಹೊತ್ತಿಗೆ ಅತ್ತೆ ಕೊಡ ಹಿಡಿದು ಕಲ್ಲಪ್ಪನ ಮುಂದೆ ನಿಂತಿದ್ದಳಂತೆ. ದಾರಿಯಲ್ಲಿ ಹೋಗುತ್ತಿದ್ದವರು ಕೇಳಿಸಿಕೊಂಡು ಬಂದು ಆಮೇಲೆ ಅವ್ವನಿಗೆ ಹೇಳಿದರು. ನೀರು ಹಾಕುವ ಮೊದಲು ಅವಳು ಕಲ್ಲಿನ ಹತ್ತಿರ ಬಗ್ಗಿ, ಗಟ್ಟಿಯಾಗಿ, ಧೈರ್ಯದಿಂದಲೇ ಅಂದಳಂತೆ: "ಬಣ್ಣ ಹಚ್ಚಬಾರದು ಅಂತ ನನಗೂ ಗೊತ್ತಿದ್ದಿಲ್ಲಪ್ಪ."